ಸುಣ್ಣದ ಬಣ್ಣ

ಲೀಡ್ಸ್ ಆಸ್ಪತ್ರೆಯ ಫೋನು ಬಂದಾಗ
ಬ್ರಾಡ್‌ಫರ್ಡ್‌ನ ನನ್ನ ಅಡುಗೆಮನೆಯಲ್ಲಿ
ಒಗೆದ ಬಟ್ಟೆ ಮಡಚುತ್ತಿದ್ದೆ.
‘ದುಭಾಷಿಯ ನಂಬರು?’ ಎಂದಿತು ಒಂದು ದನಿ.
ಹೇಳಿದೆ. ಈ ಕೆಲಸದಲ್ಲಿ ನನ್ನ ಹೆಸರು ಯಾರಿಗೂ ಬೇಡ,
ಗಂಟಲು ಸಾಕು.

ಆ ಕಡೆ ಮಕ್ಕಳ ಲಿವರ್ ಡಾಕ್ಟರು ಆರ್ಮಿಟೇಜ್,
ಮುದುಕರ ಮನೆಯಲ್ಲಿ ಆಯಾ ಕೆಲಸಕ್ಕೆ ಬಂದ
ಗದಗಿನ ಮಹಾನಂದಾ,
ಮತ್ತೆ ನಡುನಡುವೆ ಬಿಕ್ಕಳಿಸುವ
ನಲವತ್ತೊಂಬತ್ತು ದಿನದ ಮೂರನೆಯವನು.

ಡಾಕ್ಟರು ಮಲದ ಬಣ್ಣ ಕೇಳಿದರು.
ನನಗೆ ಕೊಟ್ಟ ಪದಪಟ್ಟಿಯಲ್ಲಿ ‘ಮಲ’ ಎಂದೇ ಇದೆ.
ಬಾಯಿಗೆ ಬಂದದ್ದು ಅಮ್ಮನ ಮಾತು: ‘ಕಕ್ಕ ಯಾವ ಬಣ್ಣ, ತಂಗಿ?’

‘ಹಾಲು ಕುಡೀತಾನ್ರಿ, ತೂಕಾನೂ ಏರೇತಿ,
ಕಣ್ಣಷ್ಟ ಅರಿಷಿಣ.
ಕಕ್ಕಾ ಮಾತ್ರ ಗ್ವಾಡಿಗೆ ಬಳಿಯೋ ಸುಣ್ಣದ್ಹಂಗ.
ಹುಟ್ಟಿದ ಕೂಸಿಗೆ ಕಾಮಾಲಿ ಇರೂದ, ಬಿಸಿಲಿಗೆ ಹಿಡೀರಿ ಅಂದ್ರು.’

ಬಿಸಿಲು! ಫೆಬ್ರವರಿಯ ಲೀಡ್ಸಿನಲ್ಲಿ!
ಅದನ್ನು ಹಾಗೇ ದಾಟಿಸಿದೆ.
ಸುಣ್ಣಕ್ಕೆ ಚಾಕ್‌ಪೀಸು ಎಂದೆ, ಗೋಡೆಯನ್ನು ಕೈಬಿಟ್ಟೆ.

ಪಿತ್ತದ ನಾಳ ಮುಚ್ಚಿಕೊಂಡಿದೆ ಎಂದರು.
ಪಿತ್ತ ನಮಗೆ ಹೊಸದೇ?
ನೆತ್ತಿಗೇರುತ್ತದೆ, ತಲೆ ಸುತ್ತಿಸುತ್ತದೆ,
ನಿಂಬೆಯ ಪಾನಕಕ್ಕೆ ಇಳಿಯುತ್ತದೆ.
ಇಳಿಯಲು ದಾರಿಯೇ ಇಲ್ಲದ ಪಿತ್ತಕ್ಕೆ
ಗಾದೆ ಹುಡುಕಿದೆ, ಸಿಗಲಿಲ್ಲ.

‘ಅರವತ್ತು ದಿನದೊಳಗಾದರೆ ಒಳ್ಳೆಯದು,
ಕಸಾಯಿ ಆಪರೇಷನ್.’

ನಾನು ಬಾಯಿ ತೆರೆಯುವ ಮೊದಲೇ
ಆ ಪದ ಅವಳನ್ನು ಮುಟ್ಟಿತ್ತು.
‘ಕಸಾಯಿ? ನನ್ನ ಕೂಸಿಗೆ?’

ದುಭಾಷಿ ತನ್ನದೇನೂ ಸೇರಿಸಬಾರದು.
ಸೇರಿಸಿದೆ.
‘ಇಲ್ಲ ತಂಗಿ, ಅದು ಜಪಾನಿನ ಒಬ್ಬ ಡಾಕ್ಟರ ಮನೆತನದ ಹೆಸರು.’
ಆಮೇಲೆ ಆ ಕಡೆಗೆ:
‘ನಮ್ಮ ಭಾಷೆಯಲ್ಲಿ ಮೇಡಂ,
ಕುರಿ ಕಡಿಯುವವನನ್ನು ಹಾಗೆ ಕರೆಯುತ್ತಾರೆ.’

ತಂತಿಯಲ್ಲಿ ಸದ್ದಿಲ್ಲ. ಫೋನು ಕಡಿಯಿತೇನೋ ಅಂದುಕೊಂಡೆ.
‘ಇಷ್ಟು ವರ್ಷ ಈ ಹೆಸರು ಹೇಳಿದ್ದೇನೆ,’ ಎಂದರು ಡಾಕ್ಟರು,
‘ಇನ್ನೆಷ್ಟು ತಾಯಂದಿರಿಗೆ ಹೀಗೆ ಕೇಳಿಸಿರಬಹುದು?’
ನಿಧಾನವಾಗಿ ಮತ್ತೆ ಹೇಳಿದರು:
ಮಗುವಿನದೇ ಕರುಳಿನ ಒಂದು ತುಂಡನ್ನು ಮೇಲೆತ್ತಿ
ಲಿವರಿಗೆ ಹೊಲಿಯುತ್ತೇವೆ.
ಕರುಳು ಎಂದದ್ದೇ ಮಹಾನಂದಾಗೆ ಅರ್ಥವಾಯಿತು,
ಅಥವಾ ಅವರು ಹೇಳದ ಇನ್ನೇನೋ.

ಕೊನೆಗೆ ಅಧ್ಯಯನದ ಕಾಗದ.
ಆಪರೇಷನ್ ಆದಮೇಲೆ ಅರ್ಧ ಮಕ್ಕಳಿಗೆ ಹೊಸ ಔಷಧಿ,
ಅರ್ಧ ಮಕ್ಕಳಿಗೆ ಔಷಧಿಯಂತೆ ಕಾಣುವ ಬರೀ ನೀರು,
ಚೀಟಿ ಎತ್ತುವುದು ಕಂಪ್ಯೂಟರು, ಯಾರಿಗೂ ತಿಳಿಸುವುದಿಲ್ಲ.
ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ.
‘ನೀರು ಬಂದ್ರ ನಮ್ಮ ನಸೀಬೇನ್ರಿ?’
ಔಷಧಿ ಒಳ್ಳೆಯದೋ ಕೆಟ್ಟದ್ದೋ
ನಮಗೂ ಗೊತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇವೆ.
ಡಾಕ್ಟರೊಬ್ಬರ ‘ಗೊತ್ತಿಲ್ಲ’ವನ್ನು
ಇಷ್ಟು ಸಲೀಸಾಗಿ ಕನ್ನಡಕ್ಕೆ ತಂದದ್ದು ನಾನು ಅದೇ ಮೊದಲು.

‘ಇವನ ಹೆಸರು ಬರೀತಾರೇನ್ರಿ ಅದ್ರಾಗ?’
ಇಲ್ಲ, ಒಂದು ಸಂಖ್ಯೆ ಅಷ್ಟೇ.
‘ಹೆಸರಿನ್ನೂ ಇಟ್ಟಿಲ್ರಿ. ಸಂಖ್ಯಾನ ಮೊದಲ ಬಂತಲ್ಲ.’
ಪೆನ್ನು ಕೇಳಿದಳು.

ನಲವತ್ತೊಂದು ನಿಮಿಷ ಎಂದು ಬಿಲ್ಲಿಗೆ ಬರೆದೆ.
ಮುಂದೇನಾಯಿತೆಂದು ಯಾರೂ ನಮಗೆ ಹೇಳುವುದಿಲ್ಲ.

ಏಪ್ರಿಲ್ ಕೊನೆಗೆ ಇನ್ನೊಂದು ಫೋನು.
ಪಥ್ಯ ಹೇಳುವ ಹುಡುಗಿ, ಹೊಸಬಳು:
ಬೇರೆ ಎಣ್ಣೆಯ ಡಬ್ಬಿ ಹಾಲು, ವಿಟಮಿನ್ನಿನ ಹನಿ,
ತೂಕ ಇನ್ನೂ ಸಾಲದು, ರಕ್ತದ ಅಂಕಿ ಇಳಿಯಬೇಕು,
ಮುಂದೆ ಬೇರೆ ಲಿವರೇ ಬೇಕಾಗಬಹುದು, ಬೇಡವಾಗಲೂಬಹುದು.
ಬಣ್ಣ?

‘ತೊಗರಿಬ್ಯಾಳಿ ಕುದಿಸಿ ಕಡದ್ಹಂಗ ಐತ್ರಿ!’
ಆ ದನಿ.
ಕೈಲಿದ್ದ ಸೌಟು ಕೈಲೇ ಉಳಿಯಿತು.
‘ಅಕ್ಕಾ, ಅವತ್ತ ಇದ್ದವ್ರು ನೀವ ಅಲ್ಲೇನ್ರಿ?
ಬಸು ಅಂತ ಹೆಸರಿಟ್ಟೇವ್ರಿ.’

‘ಏನಂದರು?’ ಕೇಳಿದಳು ಹುಡುಗಿ.

ಹಳದಿಯಂತೆ, ಎಂದೆ.